ಸ್ವಿಚ್ಚಿನ ನಿಯಮಗಳಿಗೂ ಲೆಕ್ಕವಿರಲಿ

ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಯೊಂದು ನಗರದೊಳಗಿನ ಮಾರಾಟ ಕಚೇರಿಯೊಡನೆ ಕಂಪ್ಯೂಟರ್ ಜಾಲದಿಂದ ಬೆಸೆದುಕೊಂಡಿದ್ದರೆ, ದಾಸ್ತಾನು, ಬಿಲ್ಲು, ಬ್ಯಾಂಕ್ ವ್ಯವಹಾರಗಳ ಮಾಹಿತಿ ನೆಟ್‌ವರ್ಕ್ ಸ್ವಿಚ್ಚಿನ ಮೂಲಕವೇ ಹಾಯುತ್ತದೆ. ಯಾವ ಮಾರ್ಗವನ್ನು ಸ್ವೀಕರಿಸಬೇಕು, ಯಾವುದನ್ನು ಹೊರಗೆ ಸಾರಬಾರದು ಎಂದು ಅದಕ್ಕೆ ವಿಧಿಸುವ ಕಟ್ಟಳೆಯೇ ರೂಟ್ ಫಿಲ್ಟರ್.

ಯಂತ್ರವು ಈ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿದ ಸಾಲನ್ನೇ ಜಾರಿಗೊಳಿಸುತ್ತದೆ. ‘ಎಲ್ಲಕ್ಕೂ ಅನುಮತಿ’ ಎಂಬ ಸಾಲು ಮೇಲೆ ಸೇರಿದರೆ ಕೆಳಗಿನ ನಿಷೇಧಗಳೆಲ್ಲ ನಿರರ್ಥಕ. ದೊಡ್ಡ ಜಾಲಗಳೂ ಮಾರ್ಗ ಸಾರುವಲ್ಲಿ ಎಡವಿವೆ. 2021ರ ಏಪ್ರಿಲ್ 16ರಂದು ವೊಡಾಫೋನ್ ಐಡಿಯಾ ಜಾಲವು ತನ್ನದಲ್ಲದ 30,000ಕ್ಕೂ ಹೆಚ್ಚು ಮಾರ್ಗಗಳನ್ನು ತನ್ನವೆಂದು ತಪ್ಪಾಗಿ ಸಾರಿತು. ಅನ್ಯರ ಸಂಚಾರ ದಾರಿ ತಪ್ಪಿತು. ನೆರೆಯ ಜಾಲಗಳ ಶೋಧನೆ ಬಿಗಿಯಾಗಿದ್ದಲ್ಲಿ ಅಂಥ ಪ್ರಮಾದ ಹಬ್ಬಲಾರದು.

2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯುವುದು ಕಡ್ಡಾಯ. ಸ್ವಿಚ್ಚಿಗೆ ಆ ಶಿಸ್ತು ಏಕೆ ಬೇಡ? ಗುತ್ತಿಗೆಯ ತಂತ್ರಜ್ಞ ಮಾಡಿದ ಬದಲಾವಣೆ ಆತನ ನೆನಪಿನಲ್ಲಷ್ಟೇ ಉಳಿಯುವುದು ತರವಲ್ಲ. ಅನುಮತಿಸಿದ ಮಾರ್ಗಗಳ ಪಟ್ಟಿ, ಬದಲಾವಣೆಯ ದಿನಾಂಕ ಮತ್ತು ಕಾರಣ, ಮಾಡಿದವರ ಸಹಿ, ಹಿಂದಿನ ನಿಯಮಗಳ ಪ್ರತಿ ಇವಿಷ್ಟು ಮಾಲೀಕರ ಕಪಾಟಿನಲ್ಲಿರಲಿ. ಇದಕ್ಕೆ ತಗಲುವುದು ಒಂದು ನೋಟ್ ಪುಸ್ತಕದ ಖರ್ಚು. ಜಾಲ ಕೆಟ್ಟ ದಿನ ಅದೇ ವ್ಯವಹಾರವನ್ನು ಉಳಿಸೀತು.