ಹೆಸರು ಕೇಳದಿದ್ದರೆ ಬಳಕೆ ಇಲ್ಲವೆ?

ಕಾಶಿಯ ಶಿವಾಲ ಘಾಟಿನಿಂದ ಹೊರಟು ಹನುಮಾನ್ ಘಾಟನ್ನು ದಾಟಿದರೆ ಕರ್ನಾಟಕ ಘಾಟು ಸಿಗುತ್ತದೆ. ಅಲ್ಲಿ ಮೀಯುವವರು ಆ ಮೆಟ್ಟಿಲುಗಳು ಯಾರವೆಂದು ವಿಚಾರಿಸುವುದು ಅಪರೂಪ. ಶಿವಾಲದಲ್ಲಿ ಸೇರುವ ನಮ್ಮ ಕನ್ನಡ ಗೆಳೆಯರ ನಡುವೆ ಮೊನ್ನೆ ಫ್ರೀಬಿಎಸ್‌ಡಿಯ ಮಾತು ಬಂದಾಗ ನಮಗೆ ಆ ಮೆಟ್ಟಿಲುಗಳು ನೆನಪಾದವು. ಸರ್ವರುಗಳನ್ನು ನಡೆಸುವ ಈ ಮುಕ್ತ ಆಪರೇಟಿಂಗ್ ಸಿಸ್ಟಂ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಪರಂಪರೆಯಿಂದ 1993ರಲ್ಲಿ ಹುಟ್ಟಿತು. "ಹೆಸರೇ ಕೇಳದ ಇದನ್ನು ಯಾವ ವ್ಯಾಪಾರಸ್ಥ ನಂಬಿಯಾನು?" ಎಂಬ ಆಕ್ಷೇಪ ಎದ್ದಿತು.

ಆಕ್ಷೇಪಿಸಿದವರ ಕೈಯಲ್ಲೇ ವಾಟ್ಸ್‌ಆಪ್ ಇತ್ತು. ಒಂದೇ ಸರ್ವರಿನಲ್ಲಿ ಏಕಕಾಲಕ್ಕೆ 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳನ್ನು ಆ ಕಂಪನಿ 2012ರಲ್ಲಿ ನಿಭಾಯಿಸಿ ತೋರಿಸಿದ್ದು ಫ್ರೀಬಿಎಸ್‌ಡಿಯ ಮೇಲೆ. ಫೇಸ್‌ಬುಕ್ಕಿನ ಪಾಲಾದ ಬಳಿಕ ಅದು ಲಿನಕ್ಸಿನತ್ತ ಸರಿಯಿತು, ನಿಜ. ಆದರೆ ಬೆಳೆದದ್ದು ಇಲ್ಲಿಯೇ. ನೆಟ್‌ಫ್ಲಿಕ್ಸಿನ ಚಿತ್ರಗಳನ್ನು ಮನೆಮನೆಗೆ ಹರಿಸುವ ಓಪನ್ ಕನೆಕ್ಟ್ ಯಂತ್ರಗಳಲ್ಲಿ ಇಂದಿಗೂ ಇರುವುದು ಫ್ರೀಬಿಎಸ್‌ಡಿ. ಸೋನಿಯ ಪ್ಲೇಸ್ಟೇಷನ್ 4, ಜೂನಿಪರ್‌ನ ಜುನೋಸ್, ನೆಟ್‌ಆ್ಯಪ್‌ನ ಸಂಗ್ರಹ ಯಂತ್ರಗಳು ಇವುಗಳ ತಳದಲ್ಲಿಯೂ ಅದೇ ಇದೆ. ಕೊನೆಯ ಎರಡು ಕಂಪನಿಗಳಿಗೆ ಬೆಂಗಳೂರಿನಲ್ಲೇ ಕಚೇರಿಗಳಿವೆ.

ಹಾಗಾದರೆ ಹೆಸರು ಏಕೆ ಕೇಳಿಸದು? ಅದರ ಪರವಾನಗಿಯೇ ಕಾರಣ. ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಸಾಕು, ಯಾರೂ ಅದನ್ನು ತಿದ್ದಿ, ತಮ್ಮ ಸರಕಿನೊಳಗೆ ಸೇರಿಸಿ ಮಾರಬಹುದು. ತಿದ್ದಿದ್ದನ್ನು ಲೋಕಕ್ಕೆ ತೋರಿಸಬೇಕೆಂಬ ಕಟ್ಟುಪಾಡಿಲ್ಲ. ಆದ್ದರಿಂದ ಬಳಸುವವರ ಪಟ್ಟಿಯನ್ನು ಪೂರ್ತಿಯಾಗಿ ಯಾರೂ ಕೊಡಲಾರರು. ಪಟ್ಟಿ ಇಲ್ಲವೆಂಬುದನ್ನೇ ಬಳಕೆ ಇಲ್ಲವೆಂಬುದಕ್ಕೆ ಸಾಕ್ಷಿಯಾಗಿಸುವುದು ತರ್ಕವಲ್ಲ.

ಬಲ್ಲ ಕೆಲಸಗಾರರು ವಿರಳ, ಎಲ್ಲ ಯಂತ್ರಾಂಶಕ್ಕೂ ಅದು ಹೊಂದದು ಎಂಬ ಆಕ್ಷೇಪಗಳಲ್ಲಿ ಹುರುಳಿದೆ. ಅವನ್ನು ತೂಗಿ ನೋಡಿ ಬೇಡವೆಂದವರೊಡನೆ ನಮಗೆ ಜಗಳವಿಲ್ಲ. ಆದರೆ "ಯಾರು ಬಳಸುತ್ತಾರೆ?" ಎಂದು ಕೇಳುವವರು ಅನೇಕ ಸಲ ಬಯಸುವುದು ತಿಳಿವಳಿಕೆಯನ್ನಲ್ಲ, ನಾಳೆ ಕೆಟ್ಟರೆ ಹೊಣೆ ಹೊರಿಸಲು ಒಂದು ದೊಡ್ಡ ಹೆಸರನ್ನು. ಪರನಾಡಿನಲ್ಲಿ ಕನ್ನಡದ ಬಗೆಗೂ ಇದೇ ಪ್ರಶ್ನೆಯನ್ನು ಎದುರಿಸುವ ನಮಗೆ ಈ ದನಿ ಅಪರಿಚಿತವಲ್ಲ.

ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಪಡೆದವರು ಏನನ್ನು ಮರಳಿಸಿದರು? ವಾಟ್ಸ್‌ಆಪ್ ಸ್ಥಾಪಕರಲ್ಲೊಬ್ಬರಾದ ಜಾನ್ ಕೂಮ್ 2014ರಲ್ಲಿ ಫ್ರೀಬಿಎಸ್‌ಡಿ ಪ್ರತಿಷ್ಠಾನಕ್ಕೆ 10 ಲಕ್ಷ ಡಾಲರ್ ಕೊಟ್ಟರು. ನೆಟ್‌ಫ್ಲಿಕ್ಸ್ ತನ್ನ ತಿದ್ದುಪಡಿಗಳನ್ನು ಮೂಲಕ್ಕೆ ಸೇರಿಸುತ್ತ ಬಂದಿದೆ. ಕಾನೂನು ಇವರನ್ನು ಒತ್ತಾಯಿಸಿರಲಿಲ್ಲ. ಇದರ ಮೇಲೆ ಸರಕು ಕಟ್ಟಿ ಮಾರುವ ನಮ್ಮ ಕಂಪನಿಗಳೂ, ಅಲ್ಲಿ ದುಡಿಯುವ ನಮ್ಮವರೂ ಒಂದು ತಿದ್ದುಪಡಿಯನ್ನಾದರೂ ಮರಳಿಸಲಿ. ಕಡೆಯಪಕ್ಷ ಅದರ ಹೆಸರನ್ನಾದರೂ ಬಾಯಿಬಿಟ್ಟು ಹೇಳಲಿ.