ಹಿಪ್ಪಿ ಐಲ್ಯಾಂಡ್ ಅಲ್ಲ, ಅದು ವಿರೂಪಾಪುರಗಡ್ಡಿ!

ಕನ್ನಡದ ಹುಡುಗರೇ, ಹುಡುಗಿಯರೇ,

ಮೂರು ದಿನ ರಜೆ ಸಿಕ್ಕರೆ ಹಂಪಿಗೆ ಬಸ್ಸು ಹತ್ತುತ್ತೀರಿ. ತುಂಗಭದ್ರೆ ದಾಟಿ ಗಂಗಾವತಿ ಕಡೆಗೂ ಬರುತ್ತೀರಿ. ಊರಿಗೆ ವಾಪಸಾಗಿ ಗೆಳೆಯರಿಗೆ ಏನು ಹೇಳುತ್ತೀರಿ? "ಹಿಪ್ಪಿ ಐಲ್ಯಾಂಡಿಗೆ ಹೋಗಿದ್ದೆವು!" ಆ ನೆಲಕ್ಕೆ ಹೆಸರಿಲ್ಲವೇ? ಇದೆ. ವಿರೂಪಾಪುರಗಡ್ಡಿ. ಗಡ್ಡಿ ಎಂದರೆ ಹೊಳೆ ನಡುವಿನ ನೆಲ. ಆಚೆ ದಡದಲ್ಲಿ ವಿರೂಪಾಕ್ಷನ ಗೋಪುರ. ಇಂಥ ಹೆಸರನ್ನು ರೆಸಾರ್ಟಿನವರ ವ್ಯಾಪಾರ ನುಂಗಿ ನೀರು ಕುಡಿಯಿತು. ಊರೂರಿಗೆ ಅದನ್ನು ಹಂಚಿದ್ದು ನಿಮ್ಮ ನಾಲಿಗೆ!

ಮೊದಲು ಹೆಸರು ಹೋಗುತ್ತದೆ. ಹಿಂದೆಯೇ ನೆಲ ಹೋಗುತ್ತದೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೀರಿ. ಹೆಂಚಿನ ಮನೆ ಬೀಳುತ್ತದೆ, ಇಂಗ್ಲಿಷ್ ಹೆಸರಿನ ಅಪಾರ್ಟ್‌ಮೆಂಟ್ ಏಳುತ್ತದೆ. ಅದೇ ರೋಗ ಈಗ ಆನೆಗೊಂದಿ, ಸಾಣಾಪುರದ ಭತ್ತದ ಗದ್ದೆಗೂ ಅಂಟಿದೆ. ಅದಕ್ಕಿಟ್ಟ ಹೆಸರು 'ಬುಟೀಕ್'. ನಮ್ಮ ಹಳ್ಳಿಯ ಅಜ್ಜಿಗೆ ಬುಟ್ಟಿ ಗೊತ್ತು, ಹೊಳೆ ದಾಟಿಸುವ ಹರಿಗೋಲು ಗೊತ್ತು. ಬುಟೀಕ್ ಎಂದರೆ ಅವಳಿಗೆ ಬಾಗಿಲು ಮುಚ್ಚಿದ ಗೇಟು!

ಇದು ಯಾವ ನೆಲ ಎಂದು ತಿಳಿದಿದೆಯೇ? ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 9ನೇ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆ ಎಂದು ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಅದರಲ್ಲಿ ಕೊಪಣ ಒಂದು, ಅದೇ ಇಂದಿನ ಕೊಪ್ಪಳ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಎದ್ದ ಮಹಾದೇವ ಗುಡಿಯನ್ನು ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಆನೆಗೊಂದಿ ವಿಜಯನಗರಕ್ಕೂ ಮೊದಲಿನ ಊರು. ಕನ್ನಡದ ತಿರುಳಿನಲ್ಲೇ ಕನ್ನಡದ ಬೋರ್ಡು ಹುಡುಕಬೇಕಾದರೆ, ಇನ್ನು ಉಳಿದದ್ದು ಸಿಪ್ಪೆಯೇ?

ಕಾನೂನು ಇಲ್ಲವೇ? ಬೇಕಾದಷ್ಟಿದೆ. ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 1986ರಲ್ಲಿ. 1988ರಲ್ಲೇ ರಾಜ್ಯ ಸರ್ಕಾರ ವಿರೂಪಾಪುರಗಡ್ಡಿಯನ್ನೂ ಸಂರಕ್ಷಿತ ಪ್ರದೇಶಕ್ಕೆ ಸೇರಿಸಿತು. ಹಂಪಿ ಪ್ರಾಧಿಕಾರದ ಕಾಯ್ದೆ ಬಂದದ್ದು 2002ರಲ್ಲಿ. ಈ ಸೀಮೆಯೊಳಗೆ ಆನೆಗೊಂದಿಯ ರೈತ ಮನೆ ಮೇಲೆ ಒಂದು ಕೋಣೆ ಏರಿಸಬೇಕಾದರೂ ಅನುಮತಿ ಬೇಕು. ಅದು ಸರಿಯೇ. ಆದರೆ ಆ ಬಿಗಿ ಎಲ್ಲರಿಗೂ ಒಂದೇ ಆಯಿತೇ?

ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕಿದ್ದ ನೂರಾರು ಕುಟುಂಬಗಳ ಮನೆ, ಅಂಗಡಿಗಳನ್ನು 2011ರ ಜುಲೈಯಲ್ಲಿ ಬುಲ್ಡೋಜರ್ ಕೆಡವಿತು. ಹೂವು, ಕಾಯಿ ಮಾರಿ ಹೊಟ್ಟೆ ಹೊರೆಯುತ್ತಿದ್ದವರು ಬೀದಿಗೆ ಬಿದ್ದರು. ಗಡ್ಡಿಯ ರೆಸಾರ್ಟುಗಳು ಮಾತ್ರ ಕೋರ್ಟಿಂದ ಕೋರ್ಟಿಗೆ ನಡೆದು ವರ್ಷಗಟ್ಟಲೆ ಉಳಿದವು. ಅಲ್ಲಿನ ಮೆನುವಿನಲ್ಲಿ ಹೀಬ್ರೂ ಇತ್ತು! ಕೊನೆಗೆ 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು ಅವು ಅಕ್ರಮವೆಂದು ತೀರ್ಪು ಕೊಟ್ಟಿತು. ಮಾರ್ಚಿಯಲ್ಲಿ ಜೆಸಿಬಿ ಹೊಳೆ ದಾಟಿತು. ಬಡವನಿಗೆ ಬುಲ್ಡೋಜರ್ ಮೊದಲು, ಹಣವಂತನಿಗೆ ವಕಾಲತ್ತು ಮೊದಲು. ಇದು ಯಾವ ನ್ಯಾಯ?

ಇನ್ನೂ ದೊಡ್ಡ ನಾಟಕ ಕೇಳಿ. ಗಡ್ಡಿಯನ್ನು ಕೋರ್ಟು ಬಿಡಿಸಿಕೊಟ್ಟ ಅದೇ 2020ರಲ್ಲಿ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತು ಹಾಕಿತು. ಅಲ್ಲಿಯವರೆಗೆ ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ಮೀರಿದವನು ಹೊಲ ಕೊಳ್ಳುವಂತಿರಲಿಲ್ಲ. ಈಗ ನೇಗಿಲು ಮುಟ್ಟದವನೂ ಗದ್ದೆಯ ಒಡೆಯ! ಮುಂಬಾಗಿಲು ಮುಚ್ಚಿ ಹಿತ್ತಿಲ ಬಾಗಿಲು ತೆರೆಯುವುದು ಎಂದರೆ ಇದೇ. ವಿಲ್ಲಾ ಏಳದಂತೆ ತಡೆಯಲು ಉಳಿದ ಬೇಲಿ ಭೂಪರಿವರ್ತನೆ ಮತ್ತು ಪ್ರಾಧಿಕಾರದ ಅನುಮತಿ. ಬೇಲಿ ಕಾಯುವವನು ಕಣ್ಣು ಮುಚ್ಚಿದರೆ ಮುಗಿಯಿತು.

ಉದ್ಯೋಗ ಬರುತ್ತದೆ ಎನ್ನುವವರಿದ್ದಾರೆ. ಯಾರಿಗೆ ಸ್ವಾಮಿ? ಕುಷ್ಟಗಿ, ಯಲಬುರ್ಗಾದ ಜನ ಮಳೆ ಕೈಕೊಟ್ಟಾಗ ಇಂದಿಗೂ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅಲ್ಲಿ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊರುವವರು ಇವರು. ಆ ಅಪಾರ್ಟ್‌ಮೆಂಟಿನ ಸಾಹುಕಾರ ಇವರ ಜಿಲ್ಲೆಗೇ ಬಂದು ವಾರಾಂತ್ಯದ ಮನೆ ಕಟ್ಟಿದರೆ, ಇವರಿಗೆ ಸಿಗುವುದು ಮತ್ತದೇ ಇಟ್ಟಿಗೆ, ಇಲ್ಲವೇ ಗೇಟಿನ ಸ್ಟೂಲು. ಅತಿಥಿಯನ್ನು ನಾವು ಬೇಡ ಎನ್ನುವುದಿಲ್ಲ. ಮನೆಯವನನ್ನು ಹೊರಗಟ್ಟುವ ಅತಿಥ್ಯ ಬೇಡ.

ಕಲ್ಲಿನ ಹೋರಾಟ ಬೇರೆ, ನುಡಿಯ ಹೋರಾಟ ಬೇರೆ ಎನ್ನಬೇಡಿ. ಎಂ. ಚಿದಾನಂದಮೂರ್ತಿಯವರನ್ನು ನೆನೆಯಿರಿ. ಕನ್ನಡ ಶಕ್ತಿ ಕೇಂದ್ರದ ಮುಂದಾಳಾಗಿ ಬೀದಿಗಿಳಿದವರೇ ಹಂಪಿಯ ಸ್ಮಾರಕಗಳ ಉಳಿವಿಗೂ ಹೋರಾಡಿದರು. ಗಡ್ಡಿಯ ತೀರ್ಪಿಗೆ ಸರಿಯಾಗಿ ಒಂದು ತಿಂಗಳು ಮೊದಲು, 2020ರ ಜನವರಿ 11ರಂದು ಅವರು ತೀರಿಕೊಂಡರು. ಅವರು ಬಿಟ್ಟುಹೋದ ಕೆಲಸ ಯಾರದು? ನಿಮ್ಮದು!

ಆದ್ದರಿಂದ ರೂಮು ಬುಕ್ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿ. ಒಂದು, ಪ್ರಾಧಿಕಾರದ ಅನುಮತಿ ಪತ್ರ ಎಲ್ಲಿ? ಎರಡು, 2024ರ ತಿದ್ದುಪಡಿಯಂತೆ ಬೋರ್ಡಿನ ಶೇ. 60 ಭಾಗ, ಅದೂ ಮೇಲ್ಭಾಗದಲ್ಲಿ, ಕನ್ನಡವಿದೆಯೇ? ಮೂರು, ಕೆಲಸಕ್ಕಿರುವವರಲ್ಲಿ ಈ ಏಳು ತಾಲ್ಲೂಕಿನವರು ಎಷ್ಟು? ಉತ್ತರ ಬಾರದಿದ್ದರೆ ಆ ಬಾಗಿಲು ತುಳಿಯಬೇಡಿ. ಊರಿನವರ ಮನೆಯಲ್ಲಿ ಉಳಿಯಿರಿ, ಊರಿನವರ ಕೈಯ ರೊಟ್ಟಿ ತಿನ್ನಿ. ಅನುಮತಿಯ ಲೆಕ್ಕ ಮುಚ್ಚಿಟ್ಟರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಉತ್ತರವನ್ನು ಊರ ಕಟ್ಟೆಯಲ್ಲಿ ಓದಿ ಹೇಳಿ.

ಇದೆಲ್ಲ ನಾಳೆಯ ಮಾತಾಯಿತು. ಇಂದೇ ಮಾಡಬಹುದಾದ್ದು ಒಂದಿದೆ, ಅದಕ್ಕೆ ಕಾಸು ಖರ್ಚಿಲ್ಲ. ಯಾರಾದರೂ ಹಿಪ್ಪಿ ಐಲ್ಯಾಂಡ್ ಎಂದರೆ ಅಲ್ಲೇ ತಡೆದು ತಿದ್ದಿ: ವಿರೂಪಾಪುರಗಡ್ಡಿ! ಹೆಸರು ಉಳಿಸಿಕೊಂಡವರೇ ನೆಲ ಉಳಿಸಿಕೊಳ್ಳುತ್ತಾರೆ.

ಸಿರಿಗನ್ನಡಂ ಗೆಲ್ಗೆ!