ಬೆಂದ್ರ್ ತೀರ್ಥದ ನೀರು ಯಾರದು?

ಅಡಿಕೆ ಕೊಯ್ಲು ಮುಗಿದ ಮೇಲೆ ನಮ್ಮ ಕುಂಸಿ ಸುತ್ತಿನ ಬೆಳೆಗಾರರು ಮನೆಮಂದಿಯೊಡನೆ ಧರ್ಮಸ್ಥಳ, ಸುಬ್ರಹ್ಮಣ್ಯಗಳಿಗೆ ಹೋಗಿಬರುವುದು ವಾಡಿಕೆ. ಕೆಲವರು ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರವನ್ನೂ ಕಂಡು ಬರುತ್ತಾರೆ. ಅಷ್ಟು ದೂರ ಹೋದವರು ಇನ್ನೊಂದು ಸ್ಥಳವನ್ನು ನೋಡದೆ ಹಿಂತಿರುಗಬಾರದೆಂಬುದು ನನ್ನ ಅಭಿಪ್ರಾಯ. ಅದು ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದ ಬೆಂದ್ರ್ ತೀರ್ಥ.

ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಸೀರೆ ಹೊಳೆಯ ಮಗ್ಗುಲಲ್ಲಿ ಕಟ್ಟೆ ಕಟ್ಟಿದ ಚಿಕ್ಕ ಕೊಳ. ನೀರಿಗೆ ಗಂಧಕದ ವಾಸನೆ, ಹೆಚ್ಚುಕಡಿಮೆ ನಮ್ಮ ಮೈಯಷ್ಟೇ ಬಿಸಿ. ಹೆಸರಾದ ಕ್ಷೇತ್ರಗಳ ಜನಜಂಗುಳಿ ಇಲ್ಲಿಲ್ಲ.

ಈ ಬಿಸಿ ಬರುವ ಬಗೆ ಸರಳ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಏರುತ್ತದೆ. ಮಳೆನೀರು ಬಂಡೆಯ ಬಿರುಕುಗಳಲ್ಲಿ ನೂರಾರು ಮೀಟರ್ ಇಳಿದು, ಕಾದು, ಇನ್ನೊಂದು ಬಿರುಕಿನಿಂದ ಮೇಲೇರುತ್ತದೆ. ನಮ್ಮ ಕೊಳವೆಬಾವಿಗಳು ನೀರೆಳೆಯುವುದೂ ಇಂಥ ಬಿರುಕುಗಳಿಂದಲೇ. ಬಿರುಕಿಗೆ ಸರ್ವೆ ನಂಬರು ಇಲ್ಲ.

ಬೇಸಿಗೆಯಲ್ಲಿ ಈ ಕೊಳದ ನೀರು ಇಳಿಯುತ್ತದೆ, ಸುತ್ತಲಿನ ಕೊಳವೆಬಾವಿಗಳೇ ಅದಕ್ಕೆ ಕಾರಣ ಎಂಬ ದೂರು ಇದೆ. ಒಣಗುವ ತೋಟವನ್ನು ಕಣ್ಣಾರೆ ಕಂಡ ರೈತನನ್ನು ದೂರುವುದು ಸುಲಭ. ಅಡಿಕೆ ಮರ ಒಮ್ಮೆ ಸತ್ತರೆ ಮತ್ತೆ ಫಸಲು ಕಾಣಲು ಐದಾರು ವರ್ಷ ಬೇಕು. ಆದರೂ "ನೆಲ ನನ್ನದು, ಆದ್ದರಿಂದ ಅಡಿಯ ನೀರೆಲ್ಲ ನನ್ನದು" ಎಂಬ ವಾದವನ್ನು ನಾನು ಒಪ್ಪಲಾರೆ.

ಬಿಸಿನೀರ ಬುಗ್ಗೆಗಳ ನಾಡಾದ ಜಪಾನಿನಲ್ಲಿ ಹಿಜಿಯೊರಿಯಂಥ ಅಷ್ಟೇನೂ ಹೆಸರಾಗದ ಊರುಗಳಿಗೆ ರೈತರು ನಾಟಿ ಮುಗಿಸಿ, ಅಕ್ಕಿಗಂಟು ಹೊತ್ತು ಬಂದು, ತಾವೇ ಅಡಿಗೆ ಮಾಡಿಕೊಂಡು ಹಲವು ದಿನ ದಣಿವಾರಿಸಿಕೊಳ್ಳುತ್ತಿದ್ದರು. ಅಲ್ಲಿನ 1948ರ ಕಾನೂನಿನಂತೆ ಬಿಸಿನೀರಿಗಾಗಿ ಕೊರೆಯಲು ಪ್ರಾಂತ್ಯಾಧಿಕಾರಿಯ ಅನುಮತಿ ಬೇಕು. ಈಗಿರುವ ಬುಗ್ಗೆಯ ಹರಿವಿಗಾಗಲಿ ಬಿಸಿಗಾಗಲಿ ಧಕ್ಕೆಯಾಗುವಂತಿದ್ದರೆ ಅನುಮತಿ ಸಿಗದು. ನಮ್ಮಲ್ಲಿಯೂ 2011ರ ಕರ್ನಾಟಕ ಅಂತರ್ಜಲ ಅಧಿನಿಯಮವಿದ್ದು, ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಆದರೆ ಕಾಗದದ ಮೇಲಿನ ಕಾನೂನು ನೆರೆಹೊರೆಯವರ ಒಪ್ಪಂದಕ್ಕೆ ಸಮವಲ್ಲ.

ತೋಟವನ್ನೂ ಉಳಿಸಿ, ಬುಗ್ಗೆಯನ್ನೂ ಉಳಿಸುವ ದಾರಿ ಇದೆ. ಪಾತಿಗೆ ನೀರು ಬಿಡುವಾಗ ಕಡುಬೇಸಿಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ ಮರವೊಂದಕ್ಕೆ ಸುಮಾರು 175 ಲೀಟರ್ ಕೊಡುತ್ತೇವೆ. ಹನಿ ನೀರಾವರಿಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು. ನಾಲ್ಕು ದಿನಕ್ಕೆ ಲೆಕ್ಕ ಹಾಕಿದರೂ 80 ಲೀಟರ್ ಮೀರದು. ಅರ್ಧಕ್ಕಿಂತ ಹೆಚ್ಚು ನೀರು ನೆಲದಲ್ಲೇ ಉಳಿಯಿತು. ಬುಡಕ್ಕೆ ಸೋಗೆ, ತರಗೆಲೆಯ ಮುಚ್ಚಿಗೆ ಹೊದಿಸಬೇಕು. ಮೇಲಿನ ಗುಡ್ಡದಲ್ಲಿ ಇಂಗುಗುಂಡಿ ತೋಡಬೇಕು.

ಕುಂಸಿಯಲ್ಲಿ ಬಿಸಿನೀರ ಬುಗ್ಗೆಯಿಲ್ಲ, ನಿಜ. ಆದರೆ ಕೊಳವೆಬಾವಿಗಳುಂಟು, ತೆರೆದ ಬಾವಿಗಳುಂಟು, ಕೆರೆಗಳುಂಟು. ಬೆಂದ್ರ್ ತೀರ್ಥದಲ್ಲಿ ಮಿಂದು ಬಂದವರು ಮನೆ ಸೇರಿದ ಮರುದಿನ ನೆರೆಯವರ ತೆರೆದ ಬಾವಿಯನ್ನೊಮ್ಮೆ ಇಣುಕಿ ನೋಡಲಿ. ಅದರಲ್ಲಿ ಎಷ್ಟು ನೀರು ಉಳಿದಿದೆ ಎಂಬುದು ನಮ್ಮ ಪಂಪಿಗೂ ಸಂಬಂಧಿಸಿದ ಸಂಗತಿ.